ಪರ-ವಿರೋಧ: ಉಳಿಸುವ ಸರದಿಯಲ್ಲಿ ಹಗೇವು ಮೊದಲೇ?

ವಿಜಯಪುರ, ಬಾಗಲಕೋಟೆ ಸೀಮೆಯ ಬಿಳಿಜೋಳದ ಬೇಸಾಯದಲ್ಲಿ ಮುಂದಿನವರಿಗೆ ಮೊದಲು ದಾಟಿಸಬೇಕಾದದ್ದು ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ತುಂಬುವ ಅರಿವೇ?

ಪರ

1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇದೇ ಸೀಮೆ, ತತ್ತರಿಸಿತ್ತು. ಮಳೆ ಕೈಕೊಟ್ಟ ವರ್ಷ ಇಲ್ಲಿ ಹೊಟ್ಟೆಗೆ ಆಧಾರ ಹಿಂದಿನ ಸುಗ್ಗಿಯ ಕಾಳು. ಅದನ್ನು ಹುಳದ ಗುಳಿಗೆ, ಪುಡಿ ಯಾವುದೂ ಇಲ್ಲದೆ ಕಾಯುವುದು ಹಗೇವು.

ಗುಂಡಿ ತೋಡುವುದು ಯಾರಿಗಾದರೂ ಬಂದೀತು, ಜಾಗ ನೋಡುವುದೇ ಕಷ್ಟ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬಿರುಕಿನಲ್ಲಿ ಮೊದಲು ಗಾಳಿ, ಆಮೇಲೆ ನೀರು ಇಳಿಯುತ್ತದೆ. ದಿಬ್ಬದ ಮೇಲಿನ ಗಟ್ಟಿ ಗರಸೇ (ಹರಳುಗಲ್ಲಿನ ಮಣ್ಣೇ) ಬೇಕು. ಒಳಗೆ ಕಣಿಕೆ (ಜೋಳದ ಒಣ ದಂಟು) ಸುಟ್ಟು ತೇವ ಆರಿಸಿ, ತಳಕ್ಕೂ ಗೋಡೆಗೂ ಒಣ ಕಣಿಕೆ, ಹೊಟ್ಟು ಒತ್ತಬೇಕು. ಕಾಳು ಹಲ್ಲಿಗಿಟ್ಟರೆ ಕಟಕ್ಕೆನ್ನಬೇಕು. ಮೆತ್ತಗೆ ಒಡೆದರೆ ಇನ್ನೆರಡು ಬಿಸಿಲು. ಒಂದು ಘನ ಮೀಟರಿಗೆ ಏಳು ಕ್ವಿಂಟಲ್ ಧಾರಾಳವಾಗಿ ಹಿಡಿಯುತ್ತದೆ. ಕೊರಳತನಕ ತುಂಬಿದರೆ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ತೀರಿ ಹುಳ ಸಾಯುತ್ತದೆ. ಅರ್ಧ ತುಂಬಿದರೆ ಉಳಿದ ಗಾಳಿಯಲ್ಲಿ ಅದು ಆರಾಮಾಗಿ ಬದುಕುತ್ತದೆ. ಬಾಯಿಗೆ ಹಾಸುಗಲ್ಲು, ಮೇಲೆ ಕೆಸರು, ನೀರು ಜಾರುವಂತೆ ಮಣ್ಣಿನ ಗುಪ್ಪೆ. ಗರಸಿನ ಗಟ್ಟಿತನ, ಕಾಳಿನ ಸದ್ದು ವಿಡಿಯೊದಲ್ಲಿ ಕಲಿಯುವಂಥವಲ್ಲ. ತಾಲ್ಲೂಕಿಗೊಂದಾದರೂ ಹಗೇವು ವರ್ಷವೂ ತುಂಬುತ್ತಿರಬೇಕು.

ವಿರೋಧ

ಮೇಲಿನದೆಲ್ಲ ಅರ್ಧ ಹಾಳೆಯಲ್ಲಿ ಹಿಡಿಯಿತಲ್ಲ! ತತ್ವ ತಿಳಿದರೆ ಗಾಳಿಯಾಡದ ಚೀಲದಲ್ಲೂ ಅದೇ ಕೆಲಸ ಆಗುತ್ತದೆ, ಜೀವಭಯವಿಲ್ಲದೆ. ಹಗೇವಿನೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ತಳ ಬಿಟ್ಟು ಏಳುವುದಿಲ್ಲ. ದೀಪ ಇಳಿಬಿಟ್ಟು ನೋಡುವ ರೂಢಿಯನ್ನೂ ಪೂರ್ತಿ ನಂಬುವಂತಿಲ್ಲ. ದೀಪ ಉರಿಯಿತೆಂದು ಇಳಿದವನು ಕಾಳು ಕೆದಕಿದಾಗ ಸಂದಿಯಲ್ಲಿದ್ದ ಅನಿಲ ಹೊರಬರುತ್ತದೆ. ಅವನನ್ನು ಎತ್ತಲು ಧುಮುಕಿದವನೂ ಬೀಳುತ್ತಾನೆ.

ಬರೆದಿಟ್ಟರೂ ಉಳಿಯದ್ದು ಬೀಜ. ಸೀತನಿಗೆ (ಸುಟ್ಟು ತಿನ್ನುವ ಎಳೆಗಾಳಿಗೆ) ಸಕ್ಕರಿ ಮುಕ್ಕರಿ ತಳಿ, ನಾಗರಪಂಚಮಿಯ ಅರಳಿಗೆ ಅಳ್ಳಿನ ಜೋಳ: ಇವನ್ನು ಆಯುವ ಕಣ್ಣು ಮೊದಲು ಬೇಕು. ಪಕ್ಕದ ಹೊಲದ ಪರಾಗ ಅಷ್ಟಿಷ್ಟು ಸೇರಿ ತಳಿ ಬೆರಕೆಯಾಗುವುದರಿಂದ ಬದುವಿನ ಸಾಲು ಬಿಟ್ಟು ನಡುಹೊಲದ ತೆನೆಗೇ ಗುರುತು ಕಟ್ಟಬೇಕು. ಬುಡ ಒಳಗೆ ಕಪ್ಪಾಗಿ ದಂಟು ಒರಗಿದ್ದರೆ ಅದರ ತೆನೆ ಎಷ್ಟೇ ದಪ್ಪವಿರಲಿ, ಬೇಡ. ಹಗೇವಿನ ಗೋಡೆಗೆ ತಾಗಿ ತೇವ ಹೀರಿದ ಕಾಳು ಬಿತ್ತನೆಗೆ ಬಾರದು. ಬೀಜದ ತೆನೆ ಜಂತಿಗೆ ತೂಗಬೇಕು. ಅದೂ ವರ್ಷ ಕಳೆದಂತೆ ಮೊಳಕೆಯ ಕಸುವು ಕಳೆದುಕೊಳ್ಳುತ್ತದೆ. ಹಗೇವನ್ನಾದರೆ ಹತ್ತು ವರ್ಷ ಬಿಟ್ಟೂ ತೋಡಬಹುದು.