ರೊಟ್ಟಿ ಹರಿದರೆ ಜೋಳವನ್ನು ಬೈಯಬೇಡಿ

"ಬರೀ ಜೋಳದ್ದು ಹರೀತೈತೆ, ಅದಕ್ಕೆ ಒಂದು ಹಿಡಿ ಗೋಧಿಹಿಟ್ಟು ಹಾಕ್ತೀವಿ" ಅನ್ನೋ ಮಾತು ಈಗ ದಾವಣಗೆರೆ ಮನೆಗಳಲ್ಲೂ ಕೇಳ್ತದೆ. ಹಾಕ್ಕೊಳ್ಳಿ, ಜೋಳದ ರೊಟ್ಟಿ ಅಂತ ಮಾತ್ರ ಕರೀಬೇಡಿ.

ಜೋಳದಲ್ಲಿ ಗ್ಲುಟೆನ್, ಅಂದ್ರೆ ಹಿಟ್ಟನ್ನ ಹಿಡಿದಿಡೋ ಪ್ರೋಟೀನು, ಇಲ್ಲ. ಗೋಧಿಯ ಎಳೆತ ಅದಕ್ಕೆ ಎಷ್ಟು ನಾದಿದರೂ ಬರಲ್ಲ. ಜಿಗಿ ಬರೋದು ಕುದಿನೀರಿಂದ. ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗ್ತದೆ. 2 ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ನೀರು ಬಿಸಿಯಾದರೆ ಸಾಲದು, ಕೊತಕೊತ ಕುದೀಬೇಕು. ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು, ಸೌಟಿನ ಹಿಡಿಯಿಂದ ಕಲಸಿ, 5 ನಿಮಿಷ ಮುಚ್ಚಿಡಿ. ಆಮೇಲೆ ಒಂದು ರೊಟ್ಟಿಗಾಗುವಷ್ಟೇ ಮುರ್ಕೊಂಡು, ಕೈ ಒದ್ದೆ ಮಾಡಿ, ಅಂಗೈ ಬುಡದಲ್ಲಿ ಒತ್ತೊತ್ತಿ ನಾದಿ. ಉಂಡೆ ಅದುಮಿದಾಗ ಅಂಚು ಬಿರಿದರೆ ಬಡಿಯೋಕೆ ಹೋಗಬೇಡಿ, ಇನ್ನೂ ನಾದಿ. ಆಗಲೂ ಬಿರಿದರೆ ಹಿಟ್ಟು ಹಳೇದು. ಗಿರಣಿಯಲ್ಲಿ 15 ದಿನಕ್ಕಾಗುವಷ್ಟೇ ಬೀಸಿಸಿ.

ಹಂಚಿನ ಮೇಲಿನ ತಪ್ಪೇ ಬೇರೆ. ಒಣಹಿಟ್ಟು ಹತ್ತಿದ ಮುಖ ಮೇಲೆ ಮಾಡಿ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ತಡವಾದರೆ ಒಣಗಿ ಸೀಳ್ತದೆ. ಸವರಿದ ನೀರು ಆರೋ ಮುಂಚೆ ಮಗುಚಿದರೆ ಹಂಚಿಗೆ ಹತ್ಕೊಳ್ತದೆ. ಉಬ್ಬಲಿಲ್ಲವಾ? ಎಲ್ಲೋ ತೂತಾಗಿ ಆವಿ ಹೋಗಿದೆ, ಇಲ್ಲಾ ಒಂದು ಕಡೆ ದಪ್ಪ ಉಳಿದಿದೆ.

ಮೆಕ್ಸಿಕೋದವರಿಗೂ ಇದೇ ಪೇಚು, ಮೆಕ್ಕೆಜೋಳದಲ್ಲೂ ಗ್ಲುಟೆನ್ ಇಲ್ಲ. ಅವರು ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಯೋಕೆ ಬಿಟ್ಟು, ತೊಳೆದು ಹಸಿಯಾಗೇ ಅರೀತಾರೆ. ಅವರ ರೊಟ್ಟಿ ಟೋರ್ಟಿಯಾದ ಹಿಟ್ಟು ಒಂದಕ್ಕೊಂದು ಹಿಡ್ಕೊಳ್ಳೋದು ಅದರಿಂದಲೇ. ಕಾಳಿನಲ್ಲಿರೋ ನಯಾಸಿನ್ ಅನ್ನೋ ಬಿ ವಿಟಮಿನ್ ಮೈಗೆ ಹತ್ತೋದೂ ಆ ಸುಣ್ಣದಿಂದ. ಯುರೋಪಿಗೆ ಬೆಳೆ ಹೋಯ್ತು, ಸುಣ್ಣದ ವಿದ್ಯೆ ಹೋಗಲಿಲ್ಲ. ಬರೀ ಮೆಕ್ಕೆಜೋಳವನ್ನೇ ಉಂಡ ಅಲ್ಲಿನ ಬಡವರಿಗೆ ನಯಾಸಿನ್ ಕೊರತೆಯ ರೋಗ ಪೆಲ್ಲಾಗ್ರ ಬಡೀತು. ನಮ್ಮ ಸುತ್ತಲೂ ಹೊಲದ ತುಂಬ ಮೆಕ್ಕೆಜೋಳವೇ, ನಾವು ಅದನ್ನ ಕೋಳಿಗೆ ಹಾಕ್ತೀವಿ.

ಇಥಿಯೋಪಿಯಾದ ಇಂಜೆರಾ ನಮ್ಮ ದೋಸೆಗೆ ಹತ್ತಿರ. ಟೆಫ್ ಅನ್ನೋ ಸಣ್ಣ ಕಾಳಿನ ಹಿಟ್ಟನ್ನ ಎರಡು ಮೂರು ದಿನ ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸ್ತಾರೆ. ಅದೇ ತಟ್ಟೆ, ಅದೇ ಚಮಚ. ಮೇಲೆ ಬಡಿಸಿದ ಸಾರು ಪಲ್ಯವನ್ನ ಅಂಚಿಂದ ಹರಿದು ಹರಿದು ತಿಂದು, ಕೊನೆಗೆ ರಸ ಕುಡಿದ ತಳವನ್ನೂ ಮುಗಿಸ್ತಾರೆ.

ಅರ್ಮೇನಿಯಾದ ಲವಾಶ್ ಮಾತ್ರ ನಮ್ಮ ಖಡಕ್ ರೊಟ್ಟಿಯ ಖಾಸಾ ನೆಂಟ. ಒಣಗಿಸಿ ಪೇರಿಸಿಟ್ಟು, ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡ್ಕೊಳ್ತಾರೆ. 2014ರಲ್ಲಿ ಅದು ಯುನೆಸ್ಕೋದ ಸಾಂಸ್ಕೃತಿಕ ಪರಂಪರೆ ಪಟ್ಟಿಗೂ ಸೇರಿತು. ಖಡಕ್ ರೊಟ್ಟಿಗೂ ಹಾಗೇ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿ, ಎಣ್ಣೆಗಾಯಿಗೆ ಸರಿಯಾಗಿ ಮಡಚ್ತದೆ. ಮೊಸರು, ಶೇಂಗಾ ಚಟ್ನಿಪುಡಿಗಾದರೆ ನೀರೇ ಬೇಡ, ಹಾಗೇ ಮುರೀರಿ.