ಕ್ಯಾಶ್ ಅಳಿಸಿದರೂ ಉಂಗುರ ನಿಲ್ಲಲಿಲ್ಲ

ವಿಡಿಯೋ ಪ್ಲೇ ಆಗದಿದ್ದರೆ ಕ್ಯಾಶ್ (ಆ್ಯಪ್ ಫೋನಿನಲ್ಲಿ ಕೂಡಿಟ್ಟ ತಾತ್ಕಾಲಿಕ ಡೇಟಾ) ಅಳಿಸಿ, ಆ್ಯಪ್ ಅಪ್‌ಡೇಟ್ ಮಾಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಎರಡೂ ಮಾಡಿದೆ, ಸುಮ್ನೆ ಅರ್ಧ ಗಂಟೆ ಹೋಯ್ತು. ಫೋಟೋ, ಕಾಮೆಂಟ್ ಎಲ್ಲ ಬರುತ್ತಿದ್ದವು. ವಿಡಿಯೋ ಜಾಗದಲ್ಲಿ ಮಾತ್ರ ಕಪ್ಪು ಚೌಕ, ನಡುವೆ ತಿರುಗುತ್ತಲೇ ಇರುವ ಬಿಳಿ ಉಂಗುರ. ಕೊನೆಗೆ ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿ ನೋಡಿದೆ. ಆಗಲೂ ಅದೇ ಕತೆ. ಹಾಗಾದರೆ ತಪ್ಪು ಫೋನಿನಲ್ಲೇ ಇರಬಹುದು ಅನ್ನಿಸಿತು. ಜಾಹೀರಾತು ತಡೆಯಲು ಹಿಂದೆ ಯಾವಾಗಲೋ ಪ್ರೈವೇಟ್ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಸರ್ವರ್ ಹುಡುಕಿಕೊಡುವ, ಕೆಲವು ವಿಳಾಸಗಳನ್ನು ತಡೆಯಲೂ ಬಲ್ಲ ಸೇವೆ) ಹಾಕಿಟ್ಟಿದ್ದೆ, ಮರೆತೇ ಹೋಗಿತ್ತು. ವಿಡಿಯೋಗಳು ಸಾಮಾನ್ಯವಾಗಿ ಬೇರೆ ಸರ್ವರ್ ವಿಳಾಸದಿಂದ ಬರುತ್ತವೆ. ಆ ವಿಳಾಸ ಬ್ಲಾಕ್ ಆದರೆ ಅಕ್ಷರ ಕಾಣುತ್ತೆ, ವಿಡಿಯೋ ಓಡಲ್ಲ. ಸೆಟ್ಟಿಂಗ್‌ನಲ್ಲಿ ಆ ಡಿಎನ್‌ಎಸ್ ಆಫ್ ಮಾಡಿದ ಕೂಡಲೇ ಓಡಿತು. ಏನೂ ತೆರೆಯದಿದ್ದರೆ ಫೋನಿನ ತಾರೀಕು, ಸಮಯ ನೋಡಿ. ಅದು ತುಂಬಾ ತಪ್ಪಿದ್ದರೆ ಸೈಟಿನ ಸುರಕ್ಷತಾ ಸರ್ಟಿಫಿಕೇಟನ್ನು (ಸೈಟ್ ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತು) ಫೋನ್ ಒಪ್ಪದಿರಬಹುದು.