ಹೈಸ್ಕೂಲು ರಸಾಯನಶಾಸ್ತ್ರಕ್ಕೆ ಕಂಪ್ಯೂಟರ್ ಸಿಮ್ಯುಲೇಷನ್ ಬೇಕೆ?

ಪರ: ಕಾಣದ್ದನ್ನು ಕಾಣಿಸದೆ ಕಲಿಸುವುದೇನನ್ನು?

ರಸಾಯನಶಾಸ್ತ್ರ ನಡೆಯುವುದೇ ಕಣ್ಣಿಗೆ ಕಾಣದ ಕಡೆ. ಪ್ರನಾಳದಲ್ಲಿ ನಮಗೆ ಸಿಗುವುದು ಬಣ್ಣ, ಗುಳ್ಳೆ, ವಾಸನೆ. ಅವಕ್ಕೆ ಕಾರಣವಿರುವುದು ಅಣುಗಳ ಓಡಾಟದಲ್ಲಿ. ಬೋರ್ಡಿನ ಮೇಲೆ ನಾವು ಬರೆಯುವ ಸಮೀಕರಣವಂತೂ ಮೂರನೆಯದೇ ಒಂದು ಭಾಷೆ. ಈ ಮೂರನ್ನೂ ಒಟ್ಟಿಗೆ ತಲೆಗೆ ತುಂಬಹೋದರೆ ಮಕ್ಕಳು ಎಡವುತ್ತಾರೆ ಎಂದು ಸ್ಕಾಟ್ಲೆಂಡಿನ ರಸಾಯನಶಾಸ್ತ್ರ ಶಿಕ್ಷಣತಜ್ಞ ಅಲೆಕ್ಸ್ ಜಾನ್‌ಸ್ಟೋನ್ 1991ರಲ್ಲೇ ಬರೆದಿದ್ದಾರೆ. ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ ಎಂದು ಕೇಳಿ ನೋಡಿ. 'ಹೈಡ್ರೋಜನ್, ಆಕ್ಸಿಜನ್' ಎಂಬ ಉತ್ತರ ಬಾರದ ತರಗತಿ ಅಪರೂಪ. ಇರುವುದು ನೀರಿನ ಆವಿ. ಹಾಗೆನ್ನುವ ಮಕ್ಕಳೆಲ್ಲ ನೀರು ಕುದಿಯುವುದನ್ನು ಎಷ್ಟೋ ಸಲ ನೋಡಿದವರೇ! ಕಣ್ಣಾರೆ ಕಂಡರೆ ಸಾಕು ಎನ್ನುವ ವಾದ ಅಲ್ಲಿಗೇ ಬಿದ್ದುಹೋಯಿತು.

ನನ್ನ ಮಟ್ಟಿಗೆ ಈ ಚರ್ಚೆ ತೀರ್ಮಾನವಾದದ್ದು ರಾಸಾಯನಿಕ ಸಮತೋಲನದ ಪಾಠದಲ್ಲಿ. ಎದುರುಬದುರು ನಡೆಯುವ ಎರಡು ಕ್ರಿಯೆಗಳ ವೇಗ ಸಮವಾಗಿ, ಹೊರಗೆ ಏನೂ ಬದಲಾಗದಂತೆ ಕಾಣುವ ಸ್ಥಿತಿ ಅದು. ನೈಟ್ರೋಜನ್ ಡೈಆಕ್ಸೈಡ್ ಕಂದು ಬಣ್ಣದ ಅನಿಲ. ಅದರ ಎರಡು ಅಣು ಸೇರಿದರೆ ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್. ಇವೆರಡೂ ಇರುವ, ಬಾಯಿ ಮುಚ್ಚಿದ ಗಾಜಿನ ಕೊಳವೆಯನ್ನು ಬಿಸಿನೀರಿನಲ್ಲಿಟ್ಟರೆ ಜೋಡಿಗಳು ಒಡೆದು ಕಂದು ಗಾಢವಾಗುತ್ತದೆ, ಮಂಜುಗಡ್ಡೆಯಲ್ಲಿಟ್ಟರೆ ಮತ್ತೆ ಜೋಡಿಯಾಗಿ ತಿಳಿಯಾಗುತ್ತದೆ. ಇದನ್ನು ತೋರಿಸುತ್ತಿದ್ದೆ, ಮಕ್ಕಳು ಹೋ ಎನ್ನುತ್ತಿದ್ದರು. 'ಬಣ್ಣ ಬದಲಾಗುವುದು ನಿಂತಿತಲ್ಲ, ಈಗ ಒಳಗೇನಾಗುತ್ತಿದೆ?' ಎಂದರೆ ಎಲ್ಲರದೂ ಒಂದೇ ಉತ್ತರ: 'ಕ್ರಿಯೆ ಮುಗಿಯಿತು.' ಸಮತೋಲನ ಸ್ಥಿರಾಂಕದ ಲೆಕ್ಕವನ್ನು ತಪ್ಪಿಲ್ಲದೆ ಮಾಡುತ್ತಿದ್ದ ಹುಡುಗಿಯ ಉತ್ತರವೂ ಅದೇ.

ಆಮೇಲೆ ಸಿಮ್ಯುಲೇಷನ್, ಅಂದರೆ ಅಣುಗಳ ಓಡಾಟವನ್ನು ಪರದೆಯ ಮೇಲೆ ಅನುಕರಿಸುವ ಪ್ರೋಗ್ರಾಂ, ಹಾಕಿದೆ. ಅವಳು ಪರದೆಯ ಮೇಲೆ ಬೆರಳಿಟ್ಟು ಒಂದೇ ಒಂದು ಅಣುವನ್ನು ಹಿಂಬಾಲಿಸಿದಳು. 'ಸೇರಿತು... ಬಿಟ್ಟಿತು... ಇನ್ನೊಂದರ ಜೊತೆ ಸೇರಿತು... ಇದು ನಿಂತೇ ಇಲ್ಲವಲ್ಲ!' ಪಕ್ಕದ ಗ್ರಾಫಿನಲ್ಲಿ ಮಾತ್ರ ಎರಡೂ ಅನಿಲಗಳ ಪ್ರಮಾಣ ತೋರಿಸುವ ಗೆರೆಗಳು ನೆಟ್ಟಗಿದ್ದವು. ಅಷ್ಟಕ್ಕೇ ಬಿಡಲಿಲ್ಲ. ಅಣುಗಳ ಸಂಖ್ಯೆಯನ್ನು ಹತ್ತಕ್ಕೆ ಇಳಿಸಿದಳು, ಗೆರೆ ತೂರಾಡತೊಡಗಿತು. 'ಹಾಳಾಗಿದೆ' ಎಂದು ದೂರು. ಹಾಳಾಗಿರಲಿಲ್ಲ. ಹತ್ತು ಅಣುಗಳಲ್ಲಿ ಒಂದು ಜೋಡಿ ಬಿಟ್ಟುಕೊಂಡರೂ ಲೆಕ್ಕ ಅಲ್ಲಾಡುತ್ತದೆ. ನಿಜವಾದ ಕೊಳವೆಯಲ್ಲಿ ಕೋಟಿ ಕೋಟಿ ಕೋಟಿ ಇರುವುದರಿಂದ ಆ ಅಲ್ಲಾಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಮತೋಲನ ಎಂದರೆ ದೊಡ್ಡ ಸಂಖ್ಯೆಗಳ ಆಟ ಎಂಬುದನ್ನು ಆ ಹುಡುಗಿ ತಾನೇ ಕೆದಕಿ ತೆಗೆದಳು. ಇದನ್ನು ಯಾವ ಗಾಜಿನ ಕೊಳವೆ ಕೊಡಬಲ್ಲದು ಹೇಳಿ.

ಮೂಗು ಉರಿಯದಿದ್ದರೆ, ಬಟ್ಟೆಗೆ ತೂತು ಬೀಳದಿದ್ದರೆ ರಸಾಯನಶಾಸ್ತ್ರ ತಲೆಗೆ ಹತ್ತುವುದಿಲ್ಲ ಎನ್ನುವ ಪಂಥವೊಂದಿದೆ. ಅವರ ಪ್ರಯೋಗಾಲಯದಲ್ಲಿ ನಡೆಯುವುದೇನು? ಹಿಂದಿನ ವರ್ಷದವರ ರೆಕಾರ್ಡಿನಿಂದ ರೀಡಿಂಗು ನಕಲು. ಸಿಮ್ಯುಲೇಷನ್ ಬರಿಯ ಆಟಿಕೆ ಎನ್ನುವವರಿಗೆ ಇನ್ನೊಂದು ಮಾತು: 2013ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದು ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ, ಸಂಕೀರ್ಣ ರಾಸಾಯನಿಕ ವ್ಯವಸ್ಥೆಗಳಿಗೆ ಕಂಪ್ಯೂಟರ್ ಮಾದರಿ ಕಟ್ಟಿದ್ದಕ್ಕೆ. ಶಾಲೆಗೆ ಬೇಕಾದ ಸಿಮ್ಯುಲೇಷನ್ನುಗಳನ್ನು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆ 2002ರಿಂದ ಮಾಡುತ್ತ ಬಂದಿದೆ. ಶುರು ಮಾಡಿದವರು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್. ಬಳಸಲು ದುಡ್ಡೂ ಕೊಡಬೇಕಿಲ್ಲ. ವಿಷಾನಿಲವಿಲ್ಲ, ಒಡೆದ ಗಾಜಿಲ್ಲ, ಒಂದೇ ಪ್ರಯೋಗವನ್ನು ನೂರು ಸಲ ಮಾಡಬಹುದು. ಇನ್ನೇನು ಬೇಕು?

ವಿರೋಧ: ಬ್ಯುರೆಟ್ ಹಿಡಿಯದ ಕೈ

ವಿರೋಧವಾಗಿ ಬರೆಯಿರಿ ಎಂದು ಸಂಪಾದಕರು ಹೇಳಿದರು, ಬರೆಯುತ್ತಿದ್ದೇನೆ. ಅಣುರಚನೆ ಹೇಳುವಾಗ ನಾನೂ ಪರದೆ ಇಳಿಸುವವಳೇ, ಹಾಗಾಗಿ ಇದು ಮುಕ್ಕಾಲು ವಿರೋಧ ಎಂದಿಟ್ಟುಕೊಳ್ಳಿ. ಸಮತೋಲನದ ಕಥೆಯನ್ನು ಹೇಳಿದವರಿಗೇ ಬಿಡುತ್ತೇನೆ. ನನ್ನ ಮಾತು ಟೈಟ್ರೇಷನ್ ಬಗ್ಗೆ, ಅಂದರೆ ಬ್ಯುರೆಟ್ ಎಂಬ ಅಳತೆಗೊಳವೆಯಿಂದ ಹನಿಹನಿಯಾಗಿ ಕ್ಷಾರ ಇಳಿಸಿ ಆಮ್ಲ ಎಷ್ಟಿದೆ ಎಂದು ಕಂಡುಹಿಡಿಯುವುದರ ಬಗ್ಗೆ.

ಪರದೆಯ ಬ್ಯುರೆಟ್ಟಿನಲ್ಲಿ ಬಟನ್ ಒತ್ತಿದರೆ ಹನಿ, ಇನ್ನೊಮ್ಮೆ ಒತ್ತಿದರೆ ಇನ್ನೊಂದು ಹನಿ. ನಿಜವಾದ ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ, ಅದನ್ನು ಮೊದಲು ಹೊರಹಾಕದಿದ್ದರೆ ರೀಡಿಂಗ್ ಸುಳ್ಳು. ಕಣ್ಣು ದ್ರವದ ಮಟ್ಟಕ್ಕಿರದಿದ್ದರೂ ಸುಳ್ಳು. ಕೊನೆಯ ಅರ್ಧ ಹನಿಯನ್ನು ಫ್ಲಾಸ್ಕಿನ ಒಳಗೋಡೆಗೆ ಮುಟ್ಟಿಸಿ ಇಳಿಸಿದಾಗ, ಬಣ್ಣ ಬದಲಿಸಿ ಸೂಚನೆ ಕೊಡುವ ಫೀನಾಲ್ಫ್ಥಲೀನ್ ತೆಳು ಗುಲಾಬಿಯಾಗಿ ನಿಂತರೆ ಸರಿ. ಕಡು ಗುಲಾಬಿಯಾದರೆ ಎಲ್ಲ ಚೆಲ್ಲಿ ಮೊದಲಿನಿಂದ. ಅದೇ ಫೀನಾಲ್ಫ್ಥಲೀನನ್ನು ತುಂಬ ಗಾಢ ಕ್ಷಾರಕ್ಕೆ ಹಾಕಿದರೆ ಗುಲಾಬಿ ಮೆಲ್ಲಗೆ ಮಾಸಿ ಬಣ್ಣವೇ ಹೋಗುತ್ತದೆ. ಪ್ರೋಗ್ರಾಂ ಬರೆದವರಿಗೆ ಇದು ನೆನಪಾಗದಿದ್ದರೆ ಪರದೆಯಲ್ಲಿ ಎಂದೆಂದಿಗೂ ಗುಲಾಬಿಯೇ.

ಇದು ಸಣ್ಣ ವಿಷಯವಲ್ಲ. ಗಾಳಿಯಿಂದ ಬೇರ್ಪಡಿಸಿದ ನೈಟ್ರೋಜನ್ ಲೀಟರಿಗೆ 1.2572 ಗ್ರಾಂ, ರಾಸಾಯನಿಕಗಳಿಂದ ತಯಾರಿಸಿದ್ದು 1.2505 ಗ್ರಾಂ ತೂಗುವುದನ್ನು ಬ್ರಿಟನ್ನಿನ ಭೌತವಿಜ್ಞಾನಿ ರೇಲಿ ಕಂಡರು. ವ್ಯತ್ಯಾಸ ಶೇಕಡಾ ಅರ್ಧದಷ್ಟು. ತೂಕದಲ್ಲೇನೋ ಎಡವಟ್ಟಾಗಿದೆ ಎಂದು ಕೈತೊಳೆದುಕೊಳ್ಳಲಿಲ್ಲ. ಅವರೂ ರಸಾಯನಶಾಸ್ತ್ರಜ್ಞ ರಾಮ್ಸೆಯೂ ಬೆನ್ನು ಹತ್ತಿದ್ದರಿಂದ 1894ರಲ್ಲಿ ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಎಂಬ ಅನಿಲ ಸಿಕ್ಕಿತು. ನೈಟ್ರೋಜನ್ನಿಗೆ ಒಂದೇ ಸಾಂದ್ರತೆ ಬರೆದಿಟ್ಟ ಸಿಮ್ಯುಲೇಷನ್ನಿನಲ್ಲಿ ಆ ವ್ಯತ್ಯಾಸ ಹುಟ್ಟುವುದೇ ಇಲ್ಲ, ಹಾಗಾಗಿ ಅದು ಮಾಡಿದವರಿಗೆ ಗೊತ್ತಿದ್ದುದನ್ನೇ ಮರಳಿ ಹೇಳುತ್ತದೆ.

ಇನ್ನು ಬಣ್ಣಗಳ ಫಜೀತಿ. ಆಕ್ಸಿಜನ್ ಕೆಂಪು, ಕಾರ್ಬನ್ ಕಪ್ಪು, ಕ್ಲೋರಿನ್ ಹಸಿರು ಎಂಬುದು ಮಾದರಿ ಮಾಡುವವರ ರೂಢಿ. ಪರಮಾಣುವಿಗೇ ಆ ಬಣ್ಣವಿದೆ ಎಂದು ನಂಬಿದ ಮಕ್ಕಳಿಗೆ ಅದನ್ನು ಬಿಡಿಸಿ ಹೇಳುವ ಕೆಲಸವೂ ಶಿಕ್ಷಕರದೇ.

ರೀಡಿಂಗು ನಕಲು ಮಾಡುವ ಮಕ್ಕಳು ಪರದೆಯ ಸ್ಕ್ರೀನ್‌ಶಾಟನ್ನೂ ನಕಲು ಮಾಡುತ್ತಾರೆ ಬಿಡಿ. ನನಗಿರುವ ನಿಜವಾದ ಅಂಜಿಕೆ ವೇಳಾಪಟ್ಟಿಯದು. ಕಂಪ್ಯೂಟರ್ ಬಂತು ಎಂದ ಕೂಡಲೇ ಪ್ರಾಯೋಗಿಕ ಅವಧಿಗೆ ಕತ್ತರಿ ಬೀಳುತ್ತದೆ; ಆಮ್ಲ ತರಿಸುವ, ಗಾಜು ತೊಳೆಸುವ ತಲೆನೋವು ತಪ್ಪಿತೆಂದು ಆಡಳಿತದವರಿಗೆ ಖುಷಿ. ಸಿಮ್ಯುಲೇಷನ್ನನ್ನು ಥಿಯರಿ ಅವಧಿಯಲ್ಲಿ ಎಷ್ಟು ಬೇಕಾದರೂ ತೋರಿಸಲಿ. ಲ್ಯಾಬಿನ ಅವಧಿಗೆ ಕೈ ಹಾಕುವುದಿಲ್ಲ ಎಂದು ಬರೆದುಕೊಟ್ಟರೆ ನನ್ನ ತಕರಾರು ಅರ್ಧಕ್ಕಿಳಿಯುತ್ತದೆ.